ಸುಕ್ಕಿನ ಲೆಕ್ಕ ಯಾರ ಹೆಸರಿಗೆ?

2017ರಲ್ಲಿ ಅಮೆರಿಕದ 'ಅಲ್ಯೂರ್' ಅನ್ನೋ ಸೌಂದರ್ಯ ಪತ್ರಿಕೆ ಒಂದು ತೀರ್ಮಾನ ಮಾಡಿತು. ಇನ್ನು ಮುಂದೆ 'ಆಂಟಿ ಏಜಿಂಗ್' ಅನ್ನೋ ಪದವನ್ನು ತಾನು ಬಳಸೋದಿಲ್ಲ ಅಂತ. ವಯಸ್ಸಾಗೋದೇನು ರೋಗವಾ, ಅದರ ಮೇಲೆ ಯಾಕೆ ಯುದ್ಧ ಹೂಡಬೇಕು ಅನ್ನೋದು ಅವರ ವಾದ. ಆ ಸಂಚಿಕೆಯ ಮುಖಪುಟದಲ್ಲಿ ಎಪ್ಪತ್ತು ದಾಟಿದ ನಟಿ ಹೆಲೆನ್ ಮಿರೆನ್ ಇದ್ದರು. ಒಳ್ಳೆ ಮಾತೇ, ತಕರಾರಿಲ್ಲ. ಅಲ್ಲಿಂದ ಈಚೆಗೆ ಕ್ರೀಮು, ಸೀರಮ್ಮುಗಳ ಭಾಷೆ ನಿಧಾನಕ್ಕೆ ಬದಲಾಗ್ತಾ ಬಂತು. ಸುಕ್ಕಿನ ವಿರುದ್ಧ ಸಮರ ಹೋಗಿ 'ಹೆಲ್ದಿ ಏಜಿಂಗ್' ಬಂತು, 'ಪ್ರೋ ಏಜಿಂಗ್' ಬಂತು. ಬಾಟಲಿ ಮಾತ್ರ ಅದೇ ಗಾತ್ರದ್ದು, ಅದೇ ಶೆಲ್ಫಿನಲ್ಲಿ ಕೂತಿದೆ.

ಆ ಬಾಟಲಿಯೊಳಗೆ ಈಗ ಕಾಡೂ ಇದೆ, ಕಡಲೂ ಇದೆ. ಬೆಂಗಳೂರಿನ ಯಾವುದೇ ದೊಡ್ಡ ಮೆಡಿಕಲ್ ಶಾಪಿಗೆ ಹೋಗಿ ನೋಡಿ. ಬಾಕುಚಿಯೋಲ್, ಸಿಕಾ, ಕಡಲ ಪಾಚಿಯ ಸಾರ, ಸ್ಕ್ವಾಲೇನ್. ಮೂವತ್ತು ಎಂಎಲ್‌ಗೆ ನಮ್ಮೂರ ಕಡೆ ಒಂದಾಳಿನ ಎರಡು ಮೂರು ದಿನದ ಕೂಲಿಯಷ್ಟು ಬೆಲೆ. ಮೇಲೆ ಹಸಿರು ಎಲೆಯದೋ ನೀಲಿ ಅಲೆಯದೋ ಚಿತ್ರ. 'ನೈಸರ್ಗಿಕ' ಅನ್ನೋ ಒಂದು ಪದ.

ಈ ಒಂದು ಪದ ಮೂರು ಪ್ರಶ್ನೆಗಳನ್ನು ಒಟ್ಟಿಗೆ ನುಂಗಿ ಹಾಕುತ್ತೆ ಅನ್ನೋದು ನನ್ನ ಅನುಮಾನ. ಒಂದು, ಇದು ಕೆಲಸ ಮಾಡುತ್ತಾ? ಎರಡು, ಇದನ್ನು ಯಾರಿಂದ ತಗೊಂಡಿದ್ದು? ಮೂರು, ಇದು ನಮಗೆ ಬೇಕು ಅನ್ನಿಸೋದೇ ಸರಿಯಾ? ಮೊದಲನೆಯದು ವಿಜ್ಞಾನದ ಪ್ರಶ್ನೆ, ಎರಡನೆಯದು ನ್ಯಾಯದ್ದು, ಮೂರನೆಯದು ಬದುಕಿನದ್ದು. ಮೂರನ್ನೂ ಬಿಡಿಸಿ ನೋಡೋಣ.

ಮೊದಲು 'ಆರೋಗ್ಯಕರ ವಯಸ್ಸಾಗುವಿಕೆ' ಅನ್ನೋ ಮಾತನ್ನೇ ಹಿಡಿಯೋಣ. ಇದು ಕ್ರೀಮಿನ ಕಂಪನಿಗಳು ಹುಟ್ಟಿಸಿದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ವರದಿಯಲ್ಲಿ ಇದಕ್ಕೊಂದು ಅರ್ಥ ಕೊಟ್ಟಿತ್ತು: ವಯಸ್ಸಾದ ಮೇಲೂ ನೆಮ್ಮದಿಯಿಂದ ಬದುಕೋಕೆ ಬೇಕಾದ ಕೆಲಸಗಳನ್ನು ಮಾಡುವ ಶಕ್ತಿಯನ್ನು ಬೆಳೆಸಿಕೊಳ್ಳೋದು, ಉಳಿಸಿಕೊಳ್ಳೋದು. 2021ರಿಂದ 2030ರವರೆಗಿನ ಹತ್ತು ವರ್ಷವನ್ನು ವಿಶ್ವಸಂಸ್ಥೆ ಇದಕ್ಕಾಗಿಯೇ ಮೀಸಲಿಟ್ಟಿದೆ. ಅಲ್ಲಿ ಎಲ್ಲೂ ಮುಖ ಹೇಗೆ ಕಾಣಬೇಕು ಅನ್ನೋ ಮಾತಿಲ್ಲ. ನಡೆಯೋಕಾಗುತ್ತಾ, ಕೇಳಿಸುತ್ತಾ, ನಾಲ್ಕು ಜನರ ಜತೆ ಬೆರೆಯೋಕಾಗುತ್ತಾ, ಇಷ್ಟೇ.

ಈ ಅರ್ಥವನ್ನು ಚರ್ಮಕ್ಕೆ ಹಚ್ಚಿ ನೋಡಿ. ಚರ್ಮದ ಕೆಲಸ ಏನು? ಒಳಗಿನ ನೀರನ್ನು ಒಳಗೇ ಇಡೋದು, ಹೊರಗಿನ ಕೊಳೆ, ಕ್ರಿಮಿಯನ್ನು ಹೊರಗೇ ತಡೆಯೋದು, ಗಾಯ ಆದ್ರೆ ಮುಚ್ಕೊಳ್ಳೋದು. ವಯಸ್ಸಾದ ಹಾಗೆ ಈ ಕೆಲಸ ಕುಂದುತ್ತೆ. ಎಣ್ಣೆ ಜಿಡ್ಡು ಕಡಿಮೆಯಾಗುತ್ತೆ. ಮಾಗಿಯ ಚಳಿಯಲ್ಲಿ ಅಜ್ಜಿಯರ ಮೊಣಕಾಲ ಕೆಳಗಿನ ಚರ್ಮ ಮೀನಿನ ಹುರುಪೆಯ ಹಾಗೆ ಎದ್ದು, ರಾತ್ರಿಯೆಲ್ಲ ಕೆರೆತ. ಸಣ್ಣಗೆ ತಗುಲಿದ್ರೂ ಸಿಪ್ಪೆ ಎದ್ದ ಹಾಗೆ ಕಿತ್ತು ಬರುತ್ತೆ. ಹಾಸಿಗೆ ಹಿಡಿದರಂತೂ ಬೆನ್ನು ಸೊಂಟಕ್ಕೆಲ್ಲ ಹುಣ್ಣು. ಚರ್ಮದ ಆರೋಗ್ಯ ಅಂದ್ರೆ ಇದನ್ನು ನೋಡ್ಕೊಳ್ಳೋದು. ಒಣಗಿದ ಚರ್ಮಕ್ಕೆ ಸ್ನಾನ ಆದ ಕೂಡಲೇ ಹಚ್ಚೋ ಕೊಬ್ಬರಿ ಎಣ್ಣೆಯೋ, ವ್ಯಾಸಲಿನ್ನೋ, ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಹೊರಳಿಸೋ ಒಂದು ಜತೆ ಕೈಯೋ ಸಾಕು. ಇದಕ್ಕೆ ದುಡ್ಡಿಗಿಂತ ಮನುಷ್ಯರು ಬೇಕು. ಹಾಗಾಗಿಯೇ ಇದಕ್ಕೆ ಜಾಹೀರಾತಿಲ್ಲ.

ಜಾಹೀರಾತಿನ 'ಆರೋಗ್ಯ' ಬೇರೆಯದೇ. ನಮ್ಮ ದೇಶದ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಕಾಂತಿವರ್ಧಕ ಅಂದ್ರೆ ಏನು ಅಂತ ಹೇಳೋವಾಗ ಶುದ್ಧಿ, ಸೌಂದರ್ಯ, ಆಕರ್ಷಣೆ, ತೋರಿಕೆಯ ಬದಲಾವಣೆ ಅನ್ನೋ ಗಡಿಯೊಳಗೇ ನಿಲ್ಲುತ್ತೆ. ರೋಗ ವಾಸಿ ಮಾಡ್ತೀನಿ ಅಂದ ಕೂಡಲೇ ಅದು ಔಷಧ ಆಗಿಬಿಡುತ್ತೆ, ಬೇರೆ ಲೈಸೆನ್ಸು, ಬೇರೆ ಪರೀಕ್ಷೆ. ಆದ್ದರಿಂದಲೇ ಡಬ್ಬಿಯ ಮೇಲಿನ ಭಾಷೆ ಅಷ್ಟು ಹುಷಾರು. ಸುಕ್ಕು ಹೋಗುತ್ತೆ ಅನ್ನಲ್ಲ, ಸುಕ್ಕು ಕಡಿಮೆಯಾದಂತೆ 'ಕಾಣುತ್ತದೆ' ಅನ್ನುತ್ತೆ. ಹೆಸರು ಆರೋಗ್ಯದ್ದು, ಮಾಲು ತೋರಿಕೆಯದ್ದು. ತೋರಿಕೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟಾಗ ಅಜ್ಜಿಯ ಕೆರೆತ ಕಾಣೆಯಾಗಿ, ನಮ್ಮ ಕಣ್ಣಂಚಿನ ಗೆರೆಯೇ ದೊಡ್ಡ ಆರೋಗ್ಯ ಸಮಸ್ಯೆ ಆಗಿಬಿಡುತ್ತೆ ಅಂತ ಹೇಳ್ತಿದೀನಿ.

ಇನ್ನು ಸುಕ್ಕು ಬರೋದು ಯಾಕೆ? ವಯಸ್ಸಿಂದ ಒಂದಷ್ಟು. ಆದರೆ ಮುಖ, ಕುತ್ತಿಗೆ, ಮುಂಗೈಗಳ ಮೇಲೆ ನಾವು ವಯಸ್ಸು ಅಂತ ಓದೋದರಲ್ಲಿ ದೊಡ್ಡ ಪಾಲು ಬಿಸಿಲಿನದ್ದು. 2012ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಒಂದು ಫೋಟೋ ಬಂದಿತ್ತು. 69 ವರ್ಷದ ಒಬ್ಬ ಟ್ರಕ್ ಡ್ರೈವರ್. 28 ವರ್ಷ ಗಾಡಿ ಓಡಿಸಿದವನು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಉತ್ತ ಹೊಲದ ಹಾಗೆ ಸಾಲು ಸಾಲು ಸುಕ್ಕು, ಬಲಗೆನ್ನೆ ಎಷ್ಟೋ ವಾಸಿ. ಒಬ್ಬನೇ ಮನುಷ್ಯ, ಒಂದೇ ಊಟ, ಒಂದೇ ವಂಶ. ಗಾಜಿನ ಮೂಲಕವೂ ಬರುವ ನೇರಳಾತೀತ ಕಿರಣ ಮಾಡಿದ ಕೆಲಸ ಅದು. ಆಸ್ಟ್ರೇಲಿಯಾದಲ್ಲಿ 55ರ ಒಳಗಿನ 903 ಜನರ ಮೇಲೆ ನಾಲ್ಕೂವರೆ ವರ್ಷ ನಡೆಸಿದ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂತು. ದಿನಾ ಸನ್‌ಸ್ಕ್ರೀನ್ ಹಚ್ಚಿಕೊಂಡವರ ಚರ್ಮ, ಮನಸ್ಸು ಬಂದಾಗ ಹಚ್ಚಿಕೊಂಡವರ ಚರ್ಮಕ್ಕಿಂತ ಶೇಕಡಾ 24ರಷ್ಟು ಕಡಿಮೆ ಮಾಗಿತ್ತು. ಸುಕ್ಕು ತಡೆಯೋ ವಿಷಯದಲ್ಲಿ ನಮಗಿರುವ ಗಟ್ಟಿ ಸಾಕ್ಷ್ಯಗಳಲ್ಲಿ ಇದೂ ಒಂದು. ಅದರಲ್ಲಿ ಗಿಡವೂ ಇಲ್ಲ, ಕಡಲೂ ಇಲ್ಲ. ಬಿಸಿಲಿಗೊಂದು ಅಡ್ಡ, ಅಷ್ಟೇ.

ಅಂದಮೇಲೆ ಸುಕ್ಕು ಯಾರಿಗೆ ಎಷ್ಟು ಅನ್ನೋದು ನೆರಳು ಯಾರಿಗೆ ಎಷ್ಟು ಅನ್ನೋದರ ಮೇಲೆ ನಿಂತಿದೆ. ನಮ್ಮವ್ವನಿಗೂ ಚಿಕ್ಕಮ್ಮನಿಗೂ ಎರಡೇ ವರ್ಷದ ಅಂತರ. ಚಿಕ್ಕಮ್ಮ ಮೈಸೂರಲ್ಲಿ ಸ್ಕೂಲ್ ಟೀಚರ್ ಆಗಿದ್ದವರು. ಅವ್ವ ಊರಲ್ಲಿ ರಾಗಿ ಪೈರು ನಾಟಿ, ಕಳೆ, ಕೊಯ್ಲು ಅಂತ ನಲವತ್ತು ವರ್ಷ ಹೊಲದಲ್ಲಿದ್ದವಳು. ಮದುವೆ ಮನೆಗಳಲ್ಲಿ ಇಬ್ಬರನ್ನೂ ಒಟ್ಟಿಗೆ ನೋಡಿದ ಹೊಸಬರು ತಾಯಿ ಮಗಳಾ ಅಂತ ಕೇಳಿದ್ದುಂಟು. ಒಂದ್ಸಲ ನಾನೇ ಇದನ್ನ ತಮಾಷೆಯಾಗಿ ಎತ್ತಿದಾಗ ಅವ್ವ ನಗಲಿಲ್ಲ, ಬೇಜಾರೂ ಮಾಡ್ಕೊಳ್ಳಲಿಲ್ಲ. "ಅವ್ಳು ನೆಳ್ಳಲ್ಲಿದ್ಲು, ನಾನು ಬಿಸ್ಲಲ್ಲಿದ್ದೆ. ಅಷ್ಟೇ ಕಣಪ್ಪ" ಅಂದಳು. ಚರ್ಮರೋಗ ತಜ್ಞರ ಯಾವ ವರದಿಯೂ ಇದಕ್ಕಿಂತ ಚೊಕ್ಕವಾಗಿ ಹೇಳಿರಲಿಕ್ಕಿಲ್ಲ.

ಇಲ್ಲಿ ಇನ್ನೊಂದು ಕಡೆ ಜಾರಬಾರದು. ಸುಕ್ಕು ಅಂದ್ರೆ ಶ್ರಮದ ಒಡವೆ, ಹೊಲದವಳ ಮುಖದ ಮೇಲೆ ಬರೆದ ಚರಿತ್ರೆ ಅಂತೆಲ್ಲ ಬರೆಯೋದು ಸುಲಭ. ಎಸಿ ರೂಮಲ್ಲಿ ಕೂತು ಬರೆಯೋದು ಇನ್ನೂ ಸುಲಭ. ಅವ್ವನಿಗೆ ಆ ಒಡವೆ ಬೇಕಿತ್ತಾ ಅಂತ ಯಾರೂ ಕೇಳಿರಲಿಲ್ಲ. ಚಿಕ್ಕಮ್ಮ ಕೊಟ್ಟ ಕ್ರೀಮನ್ನು ಅವಳು ಸಂತೋಷವಾಗಿಯೇ ಇಸ್ಕೊಂಡಿದ್ದಾಳೆ, ಹಬ್ಬದ ದಿನ ಹಚ್ಕೊಂಡಿದ್ದಾಳೆ. ಚೆಂದ ಕಾಣೋ ಆಸೆಯನ್ನ ಅಲ್ಪತನ ಅಂತ ಬೈಯೋರು ಸಾಮಾನ್ಯವಾಗಿ ಆಗಲೇ ಚೆಂದ ಕಾಣ್ತಿರೋರು, ಇಲ್ಲಾ ಹೇಗೆ ಕಂಡರೂ ನಡೆಯುತ್ತೆ ಅನ್ನೋ ಗಂಡಸರು. ಆ ಸಾಲಿಗೆ ಸೇರೋ ಇಷ್ಟ ನನಗಿಲ್ಲ.

ಸರಿ, ಗಿಡದ ಸಾರ ಕೆಲಸ ಮಾಡುತ್ತಾ? ಕೆಲವು ಮಾಡ್ತವೆ. ಬಾಕುಚಿಯೋಲ್ ಕತೆ ತಗೊಳ್ಳಿ. ನಮ್ಮ ಕಡೆ ಬಾವಂಚಿ ಅಂತೀವಲ್ಲ, ಸಂಸ್ಕೃತದಲ್ಲಿ ಬಾಕುಚಿ, ಆ ಗಿಡದ ಬೀಜದಿಂದ ತೆಗೆದ ವಸ್ತು. 1966ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಗೋವರ್ಧನ ಮೆಹ್ತಾ, ಯು.ಆರ್. ನಾಯಕ್, ಸುಖ್ ದೇವ್ ಅನ್ನೋ ಮೂವರು ಇದನ್ನು ಬೇರ್ಪಡಿಸಿ ವರದಿ ಮಾಡಿದರು. ಇವರಲ್ಲಿ ಮೆಹ್ತಾ ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆದರು. ಆಗ ಇದು ಸುಕ್ಕಿಗೆ ಅಂತ ಯಾರಿಗೂ ಹೊಳೆದಿರಲಿಲ್ಲ. 2019ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿ'ಯಲ್ಲಿ ಒಂದು ಪರೀಕ್ಷೆ ಪ್ರಕಟವಾಯಿತು. 44 ಜನ, 12 ವಾರ. ಕೆಲವರಿಗೆ ಶೇ 0.5ರ ಬಾಕುಚಿಯೋಲ್ ದಿನಕ್ಕೆರಡು ಸಲ, ಉಳಿದವರಿಗೆ ಶೇ 0.5ರ ರೆಟಿನಾಲ್ ದಿನಕ್ಕೊಂದು ಸಲ. ಸುಕ್ಕು, ಕಪ್ಪು ಕಲೆ ಎರಡೂ ಗುಂಪಿನಲ್ಲಿ ಕಡಿಮೆಯಾದವು, ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸಿಪ್ಪೆ ಏಳೋದು, ಉರಿ ಮಾತ್ರ ರೆಟಿನಾಲ್ ಹಚ್ಚಿದವರಿಗೆ ಜಾಸ್ತಿ. ಆಶೆ ಹುಟ್ಟಿಸೋ ಫಲಿತಾಂಶವೇ. 44 ಜನ ಅನ್ನೋದು ನೆನಪಿರಲಿ, ನಮ್ಮೂರ ಒಂದು ಖಾಸಗಿ ಬಸ್ಸಿನಷ್ಟು ಜನ.

ಆದರೆ ಇದೇ ಬಾವಂಚಿ ಬೀಜದಲ್ಲಿ ಸೊರಾಲೆನ್ ಅನ್ನೋ ಇನ್ನೊಂದು ವಸ್ತುವೂ ಇದೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತೆ. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲು ಕಾಯಿಸೋ ಹಳೇ ಪದ್ಧತಿಯ ಹಿಂದಿನ ಗುಟ್ಟೂ ಇದೇ. ಹಾಗಾಗಿ ಕ್ರೀಮಿಗೆ ಬಳಸುವ ಬಾಕುಚಿಯೋಲ್‌ನಿಂದ ಸೊರಾಲೆನ್ ತೆಗೆದು ಶುದ್ಧ ಮಾಡಬೇಕು. ಅಂದ್ರೆ ಆ ಬೀಜ ಎಷ್ಟು ನೈಸರ್ಗಿಕವಾಗಿ ಉಳಿಯುತ್ತೋ ಅಷ್ಟು ಅಪಾಯ, ಲ್ಯಾಬಿನಲ್ಲಿ ಎಷ್ಟು ಪಳಗುತ್ತೋ ಅಷ್ಟು ಕ್ಷೇಮ. ಯೂಟ್ಯೂಬ್ ನೋಡಿ ಬಾವಂಚಿ ಪುಡಿಯನ್ನೇ ಕಲಸಿ ಮುಖಕ್ಕೆ ಮೆತ್ತಿಕೊಳ್ಳೋರು ಇದನ್ನ ಗಮನಿಸಬೇಕು.

'ಸಿಕಾ' ಅಂತ ಕೊರಿಯಾದಿಂದ ಬರೋ ಡಬ್ಬಿಗಳಲ್ಲಿ ಇರೋದು ನಮ್ಮ ಒಂದೆಲಗ. ಗದ್ದೆ ಬದುವಿನಲ್ಲಿ, ತೋಟದ ಕಾಲುವೆ ಪಕ್ಕದಲ್ಲಿ ತಾನೇ ಹಬ್ಬೋದು. ಮಲೆನಾಡಿನವರು ತಂಬುಳಿ ಮಾಡ್ತಾರೆ, ತುಳುವರು ತಿಮರೆ ಅಂತಾರೆ, ನಮ್ಮ ಮನೇಲಿ ಚಟ್ನಿ. ಮಡಗಾಸ್ಕರ್‌ನಲ್ಲಿ ಸಿಗುವ ಇದೇ ಗಿಡದಿಂದ ಫ್ರೆಂಚರು ಕಳೆದ ಶತಮಾನದ ನಡುವಿನಲ್ಲೇ ಗಾಯದ ಮುಲಾಮು ಮಾಡಿದ್ದರು. ಅದರೊಳಗಿನ ಒಂದು ವಸ್ತುವಿಗೆ ಆ ದ್ವೀಪದ ಹೆಸರಿನಿಂದಲೇ ಮ್ಯಾಡಿಕಾಸೊಸೈಡ್ ಅಂತ ಹೆಸರು ಬಂತು. ಲ್ಯಾಬಿನಲ್ಲಿ ಬೆಳೆಸಿದ ಚರ್ಮಕೋಶಗಳು ಈ ಸಾರ ಬಿದ್ದರೆ ಕೊಲಾಜೆನ್ ಹೆಚ್ಚು ತಯಾರಿಸ್ತವೆ ಅನ್ನೋದು ಸಾಬೀತಾಗಿದೆ. ಗಾಜಿನ ತಟ್ಟೆಯ ಕೋಶ ಬೇರೆ, ನಿಮ್ಮ ಕೆನ್ನೆ ಬೇರೆ. ಡಬ್ಬಿಯ ಹಿಂದಿನ ಪಟ್ಟಿ ಓದೋದನ್ನ ಕಲಿತರೆ ಇನ್ನೂ ಒಂದು ವಿಷಯ ಗೊತ್ತಾಗುತ್ತೆ. ಹೆಚ್ಚು ಇರೋದು ಮೊದಲು, ಕಡಿಮೆ ಇರೋದು ಕೊನೆಗೆ ಅನ್ನೋದು ಅಲ್ಲಿನ ಸಾಮಾನ್ಯ ಕ್ರಮ. ಮುಂದಿನ ಲೇಬಲ್ಲಿನಲ್ಲಿ ಒಂದೆಲಗದ ದೊಡ್ಡ ಚಿತ್ರ, ಹಿಂದಿನ ಪಟ್ಟಿಯಲ್ಲಿ ಒಂದೆಲಗ ಸೆಂಟಿಗಿಂತ ಕೆಳಗೆ ಅಂದ್ರೆ ನೀವು ದುಡ್ಡು ಕೊಟ್ಟಿದ್ದು ಚಿತ್ರಕ್ಕೆ.

ಇಲ್ಲಿಗೆ ಮೊದಲ ಪ್ರಶ್ನೆ ಮುಗಿಯಿತು ಅಂದುಕೊಳ್ಳಿ. ಕೆಲವು ಕೆಲಸ ಮಾಡ್ತವೆ, ಅಲ್ಪ ಸ್ವಲ್ಪ. ಎರಡನೇ ಪ್ರಶ್ನೆ ನನ್ನನ್ನು ಹೆಚ್ಚು ಕಾಡೋದು.

1906ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಮಿತ್ಸುಮಾರು ತ್ಸುಜಿಮೊಟೊ ಶಾರ್ಕ್ ಮೀನಿನ ಪಿತ್ತಜನಕಾಂಗದ ಎಣ್ಣೆಯಲ್ಲಿ ಒಂದು ಹೊಸ ಪದಾರ್ಥ ಕಂಡ. ಆಮೇಲೆ ಅದಕ್ಕೆ ಸ್ಕ್ವಾಲೀನ್ ಅಂತ ಹೆಸರಾಯಿತು, ಸ್ಕ್ವಾಲಸ್ ಅನ್ನೋದು ಒಂದು ಬಗೆಯ ಶಾರ್ಕಿನ ಹೆಸರು. ತಮಾಷೆ ಅಂದ್ರೆ ನಮ್ಮ ಮುಖದ ಜಿಡ್ಡಿನಲ್ಲೂ ಅದು ಇದೆ. ಅದನ್ನೇ ಸ್ವಲ್ಪ ಮಾರ್ಪಡಿಸಿದರೆ ಬೇಗ ಕೆಡದ ಸ್ಕ್ವಾಲೇನ್ ಆಗುತ್ತೆ, ಕ್ರೀಮು ಚರ್ಮದ ಮೇಲೆ ನುಣ್ಣಗೆ ಹರಡುತ್ತೆ. ಆಳ ಸಮುದ್ರದ ಶಾರ್ಕುಗಳ ಮೈತೂಕದಲ್ಲಿ ದೊಡ್ಡ ಪಾಲು ಈ ಎಣ್ಣೆ ತುಂಬಿದ ಪಿತ್ತಜನಕಾಂಗದ್ದೇ. ಅವು ಬಲಿಯೋದು ನಿಧಾನ, ಮರಿ ಹಾಕೋದು ಕಡಿಮೆ. ಒಂದು ಟನ್ ಸ್ಕ್ವಾಲೀನ್‌ಗೆ ಸುಮಾರು ಮೂರು ಸಾವಿರ ಶಾರ್ಕು ಬೇಕು ಅನ್ನೋದು ಸಾಮಾನ್ಯವಾಗಿ ಕೊಡುವ ಅಂದಾಜು. ಪರಿಸರದವರ ಒತ್ತಡ ಬಿದ್ದ ಮೇಲೆ 2008ರಲ್ಲಿ ಯೂನಿಲಿವರ್, ಲೋರಿಯಾಲ್ ಥರದ ದೊಡ್ಡ ಕಂಪನಿಗಳು ಶಾರ್ಕಿನದ್ದು ಬಿಡ್ತೀವಿ ಅಂದವು. ಈಗ ಆಲಿವ್ ಎಣ್ಣೆಯಿಂದ ಬರುತ್ತೆ. ಕಬ್ಬಿನ ಸಕ್ಕರೆಯನ್ನು, ಜೀನ್ ತಿದ್ದಿದ ಯೀಸ್ಟಿಗೆ ತಿನ್ನಿಸಿ ಅದು ಹುದುಗಿಸಿ ಕೊಟ್ಟಿದ್ದರಿಂದಲೂ ಮಾಡ್ತಾರೆ.

ಇದರಲ್ಲಿ ಒಂದು ಪಾಠ ಇದೆ. ಶಾರ್ಕಿನ ಸ್ಕ್ವಾಲೇನ್, ಕಬ್ಬಿನ ಸ್ಕ್ವಾಲೇನ್ ಎರಡೂ ಒಂದೇ ಅಣು. ನಿಮ್ಮ ಚರ್ಮಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಅಣುವಿಗೆ ನೆನಪಿಲ್ಲ. ಹಾಗಾದರೆ ಒಂದು ತಪ್ಪು, ಇನ್ನೊಂದು ಸರಿ ಅಂತ ಯಾಕೆ ಅನ್ನಿಸುತ್ತೆ? ಒಳ್ಳೇದು ಕೆಟ್ಟದ್ದು ಅನ್ನೋದು ಅಣುವಿನೊಳಗೆ ಇಲ್ಲ, ಅದು ಬಂದ ದಾರಿಯಲ್ಲಿದೆ. ಆ ದಾರಿಯನ್ನು ನೆನಪಿಡಬೇಕಾದವರು ನಾವು. ಇನ್ನೂ ಒಂದು ನೋಡಿ: 'ನೈಸರ್ಗಿಕ' ಅನ್ನೋ ಅಳತೆಗೋಲು ಹಿಡಿದರೆ ಕಡಲಿನಿಂದ ನೇರ ಬಂದ ಶಾರ್ಕ್ ಎಣ್ಣೆ ಪಾಸ್, ಜೀನ್ ತಿದ್ದಿದ ಯೀಸ್ಟು ಫೇಲ್. ಮೂರು ಸಾವಿರ ಜೀವದ ಲೆಕ್ಕ ಹಿಡಿದರೆ ಉಲ್ಟಾ. ನೈಸರ್ಗಿಕ ಅನ್ನೋದು ನೀತಿಯ ಪದ ಅಲ್ಲವೇ ಅಲ್ಲ, ನಾವು ಸುಮ್ಮನೆ ಹಾಗೆ ಓದಿಕೊಳ್ತೀವಿ.

ಹಾಗಂತ ಲ್ಯಾಬಿನ ಕಡೆಯವರು ಕೈ ತೊಳ್ಕೊಂಡು ಕೂರೋ ಹಾಗೂ ಇಲ್ಲ. ಸುಕ್ಕಿಗೆ ಅತ್ಯಂತ ಚೆನ್ನಾಗಿ ಪರೀಕ್ಷೆಯಾದ ಹಚ್ಚುಮದ್ದು ಟ್ರೆಟಿನಾಯಿನ್. ಬಿಸಿಲಿಗೆ ಮಾಗಿದ ಚರ್ಮವನ್ನು ಅದು ಸುಧಾರಿಸುತ್ತೆ ಅಂತ 1986ರಲ್ಲಿ ತೋರಿಸಿದವರಲ್ಲಿ ಮುಖ್ಯ ವ್ಯಕ್ತಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್. ಈತ 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ಕ್ರೀಮು, ಸೆಂಟಿನಿಂದ ಹಿಡಿದು ವಿಷವಸ್ತುಗಳವರೆಗೆ ಪರೀಕ್ಷೆ ನಡೆಸಿದ್ದ. ಆ ಸಾಲಿನಲ್ಲಿ ಟ್ರೆಟಿನಾಯಿನ್ನೂ ಇತ್ತು. ಕೈದಿಗಳಲ್ಲಿ ಹೆಚ್ಚಿನವರು ಕರಿಯರು. ಕೈಗೆ ಒಂದಿಷ್ಟು ಡಾಲರ್ ಸಿಗುತ್ತೆ ಅಂತ ಸಹಿ ಹಾಕಿದವರು. ಇದನ್ನು ಬಯಲಿಗೆಳೆದ ಆಲನ್ ಹಾರ್ನ್‌ಬ್ಲಮ್ ಅವರ 1998ರ ಪುಸ್ತಕದ ಹೆಸರಿನ ಅರ್ಥ 'ಏಕರೆಗಟ್ಟಲೆ ಚರ್ಮ'. ಮನುಷ್ಯರನ್ನು ಹೊಲದ ಹಾಗೆ ಕಂಡ ಕಣ್ಣಿಗೆ ಅದಕ್ಕಿಂತ ಸರಿಯಾದ ಹೆಸರಿಲ್ಲ. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ. ಅಷ್ಟೊತ್ತಿಗೆ ಆ ಕೈದಿಗಳಲ್ಲಿ ಎಷ್ಟೋ ಜನಕ್ಕೆ ಸುಕ್ಕು ಬರೋ ವಯಸ್ಸೂ ದಾಟಿ ಹೋಗಿತ್ತು.

ಯಯಾತಿ ನೆನಪಾಗೋದು ಇಲ್ಲೇ. ಶುಕ್ರಾಚಾರ್ಯನ ಶಾಪದಿಂದ ಒಮ್ಮೆಲೇ ಮುದುಕನಾದ ರಾಜ. ಮಕ್ಕಳನ್ನು ಕರೆದು, ನಿಮ್ಮ ಯೌವನ ನನಗೆ ಕೊಡಿ, ನನ್ನ ಮುಪ್ಪು ನೀವು ಇಸ್ಕೊಳ್ಳಿ ಅಂತಾನೆ. ನಾಲ್ವರು ಆಗಲ್ಲ ಅಂದರು, ಕೊನೆಯವನು ಪೂರು ಒಪ್ಪಿದ. ಈ ಕತೆಯನ್ನು ಆಸೆ ತೀರದು ಅನ್ನೋ ನೀತಿಗಾಗಿ ಹೇಳ್ತಾರೆ. ಗಿರೀಶ ಕಾರ್ನಾಡರು 1961ರ 'ಯಯಾತಿ' ನಾಟಕದಲ್ಲಿ ಇನ್ನೊಂದು ಕಡೆಯಿಂದ ನೋಡಿದರು. ಪೂರುವಿಗೆ ಹೆಂಡತಿಯೊಬ್ಬಳನ್ನು ತಂದರು, ಚಿತ್ರಲೇಖೆ. ಯೌವನ ಕೊಟ್ಟವನು ಪೂರು, ಬೆಲೆ ತೆತ್ತವಳು ಅವಳು. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಯೌವನ ಶೂನ್ಯದಿಂದ ಬರಲ್ಲ, ಯಾರದೋ ಲೆಕ್ಕದಿಂದ ಕಳೆದೇ ಇನ್ನೊಬ್ಬರ ಲೆಕ್ಕಕ್ಕೆ ಕೂಡಬೇಕು ಅನ್ನೋದು ಈ ಕತೆಯ ಗಣಿತ. ಸೀರಮ್ ಬಾಟಲಿಯ ಮುಂದೆ ನಿಂತಾಗ ಕೇಳಬೇಕಾದ್ದೂ ಇದೇ: ಇದರಲ್ಲಿ ಪೂರು ಯಾರು, ಚಿತ್ರಲೇಖೆ ಯಾರು?

ಕಡಲ ಪಾಚಿಯ ಬಾಟಲಿಗೆ ಈ ಪ್ರಶ್ನೆ ಹಾಕಿ. ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ, ಮನ್ನಾರ್ ಕೊಲ್ಲಿಯ ದ್ವೀಪಗಳ ಸುತ್ತ, ಪಾಚಿ ಕೀಳೋದು ಬಹುಪಾಲು ಮೀನುಗಾರ ಹೆಂಗಸರ ಕೆಲಸ. ಸೀರೆಯ ಮೇಲೊಂದು ಶರ್ಟು, ಕಣ್ಣಿಗೆ ಗಾಗಲ್ಸು, ಬೆರಳಿಗೆ ಸುತ್ತಿದ ಬಟ್ಟೆ ಚೂರು. ಉಸಿರು ಬಿಗಿ ಹಿಡಿದು ಮುಳುಗಿ, ಬಂಡೆ ಹವಳದ ನಡುವಿಂದ ಪಾಚಿ ಕಿತ್ತು ಮೇಲೆ ಬರಬೇಕು, ಮತ್ತೆ ಮುಳುಗಬೇಕು. ಹೊತ್ತುಗಟ್ಟಲೆ ಉಪ್ಪುನೀರು, ನೆತ್ತಿಯ ಮೇಲೆ ಬಿಸಿಲು. 1986ರಲ್ಲಿ ಅಲ್ಲಿನ ದ್ವೀಪಗಳು ಸಾಗರ ರಾಷ್ಟ್ರೀಯ ಉದ್ಯಾನ ಆದಮೇಲೆ ಅರಣ್ಯ ಇಲಾಖೆಯ ಕಾವಲೂ ಸೇರಿಕೊಂಡಿತು. ಹವಳ ಉಳೀಬೇಕು ಅನ್ನೋದೂ ನಿಜ, ಇವರ ಹೊಟ್ಟೆ ತುಂಬಬೇಕು ಅನ್ನೋದೂ ನಿಜ. ಈ ಪಾಚಿಯಿಂದ ಅಗರ್ ತಯಾರಾಗುತ್ತೆ. ಬೇರೊಂದು ಪಾಚಿಯನ್ನು ತೆಪ್ಪದ ಮೇಲೆ ಕಟ್ಟಿ ಬೆಳೆಸಿ ಕ್ಯಾರಗೀನನ್ ತೆಗೀತಾರೆ. ತಿಂಡಿಗೆ, ಔಷಧಿಗೆ, ಟೂತ್‌ಪೇಸ್ಟಿಗೆ, ಕ್ರೀಮಿಗೆ ಮಂದ ಬರಿಸೋ ವಸ್ತುಗಳು ಇವು. ಒಂದು ಬಾಟಲಿಯ ಪಾಚಿ ಇಂಥ ಕೈಯಿಂದಲೇ ಬಂತು ಅಂತ ತೋರಿಸೋಕಾಗಲ್ಲ. ಆದರೆ ಬಿಸಿಲು, ಉಪ್ಪಿನಲ್ಲಿ ಸುಟ್ಟುಕೊಂಡ ಚರ್ಮ ಎಲ್ಲೋ ಒಂದು ಕಡೆ, ಬಿಸಿಲು ಕಾಣದ ಚರ್ಮದ ಆರೈಕೆ ಇನ್ನೊಂದು ಕಡೆ ಅನ್ನೋ ಏರ್ಪಾಡು ಕಣ್ಣಿಗೆ ಕಾಣುತ್ತೆ.

ಹಾಗಾದರೆ ಕೊಳ್ಳೋದನ್ನೇ ಬಿಟ್ಟುಬಿಡೋಣವಾ? ಬಿಟ್ಟರೆ ಆ ಹೆಂಗಸರ ಸಂಪಾದನೆಯೂ ನಿಲ್ಲುತ್ತೆ. ನೀತಿವಂತರಾದ ಸಮಾಧಾನ ನಮಗೆ, ನಷ್ಟ ಅವರಿಗೆ. ಅದೂ ಯಯಾತಿಯ ಲೆಕ್ಕವೇ.

ಇದಕ್ಕೆ ಉತ್ತರ ಹುಡುಕಿದಾಗ ನನಗೆ ಸಿಕ್ಕಿದ್ದು ಚ್ಯವನ. ನಾವೆಲ್ಲ ಲೇಹ್ಯದ ಡಬ್ಬಿಯ ಮೇಲೆ ಕಂಡಿರೋ ಹೆಸರು. ಮುದುಕನಾಗಿದ್ದ ಈ ಋಷಿ ಅಶ್ವಿನಿ ದೇವತೆಗಳ ಜತೆ ನೀರಿಗಿಳಿದು ಯುವಕನಾಗಿ ಎದ್ದ ಅಂತ ಮಹಾಭಾರತ ಹೇಳುತ್ತೆ. ಆಯುರ್ವೇದದವರು ಅವನ ಯೌವನವನ್ನು ನೆಲ್ಲಿಕಾಯಿ ಮೊದಲಾದ ಗಿಡಮೂಲಿಕೆಯ ಲೇಹ್ಯದ ಹೆಸರಿಗೆ ಬರೆದರು. ಅಂದ್ರೆ ನೀರೂ ಆಯ್ತು, ಗಿಡವೂ ಆಯ್ತು. ಅನುಶಾಸನ ಪರ್ವದಲ್ಲಿ ಇವನದೇ ಇನ್ನೊಂದು ಕತೆ ಇದೆ, ಅದನ್ನು ಯಾವ ಡಬ್ಬಿಯ ಮೇಲೂ ಹಾಕಲ್ಲ. ಚ್ಯವನ ಗಂಗೆ ಯಮುನೆ ಸೇರೋ ಕಡೆ ನೀರಿನೊಳಗೆ ಹನ್ನೆರಡು ವರ್ಷ ತಪಸ್ಸಿಗೆ ಕೂತಿದ್ದ. ಮೀನುಗಳಿಗೆ ಅವನು ಅಂದ್ರೆ ಅಷ್ಟು ಸಲಿಗೆ. ಒಂದಿನ ಬೆಸ್ತರು ಬಲೆ ಎಳೆದಾಗ ಮೀನಿನ ಜತೆ ಋಷಿಯೂ ಬಂದ. ಅವರು ಗಾಬರಿಯಾಗಿ ಕಾಲಿಗೆ ಬಿದ್ದರು. ಚ್ಯವನ ಶಾಪ ಕೊಡಲಿಲ್ಲ. ಈ ಮೀನುಗಳ ಜತೆ ಬಾಳಿದವನು ನಾನು, ಸತ್ತರೂ ಬದುಕಿದರೂ ಇವುಗಳ ಜತೆಗೇ ಅಂದ. ಸುದ್ದಿ ತಿಳಿದು ರಾಜ ಓಡಿ ಬಂದ. ಆ ರಾಜ ನಹುಷ, ಯಯಾತಿಯ ಅಪ್ಪ. ಅವನಿಗೆ ಚ್ಯವನ ಹೇಳಿದ್ದು ಇಷ್ಟು: ಇವರು ಕಷ್ಟಪಟ್ಟಿದ್ದಾರೆ, ನನಗೂ ಮೀನುಗಳಿಗೂ ಏನು ಬೆಲೆಯೋ ಅದನ್ನು ಇವರಿಗೆ ಕೊಡು. ಸಾವಿರ ಅಂದ, ಲಕ್ಷ ಅಂದ, ಅರ್ಧ ರಾಜ್ಯ, ಕೊನೆಗೆ ಇಡೀ ರಾಜ್ಯ ಅಂದ. ಯಾವುದೂ ಸರಿಯಾದ ಬೆಲೆಯಲ್ಲ. ಕಡೆಗೆ ಒಪ್ಪಿಗೆಯಾದದ್ದು ಒಂದು ಹಸು. ಹಸುವಿಗೆ ಬೆಲೆ ಕಟ್ಟೋಕಾಗಲ್ಲ ಅನ್ನೋದು ಅಲ್ಲಿನ ಕಾರಣ. ನನಗನ್ನಿಸೋದು ಇನ್ನೊಂದು: ಹಸು ಅಂದ್ರೆ ಒಂದು ಸಲದ ದುಡ್ಡಲ್ಲ, ದಿನಾ ಕರೆಯೋ ಬದುಕು.

ಅಪ್ಪ ಬೆಲೆ ಕಟ್ಟಲು ಕಲಿತ, ಮಗ ಬೆಲೆ ಕಟ್ಟದೆ ಕಿತ್ತುಕೊಂಡ. ಯೌವನ ಬೇಡ ಅಂತ ಚ್ಯವನ ಎಲ್ಲೂ ಹೇಳಲಿಲ್ಲ. ತಗೊಂಡಿದ್ದಕ್ಕೆ ಬೆವರು ಸುರಿಸಿದವರ ಲೆಕ್ಕ ಚುಕ್ತಾ ಮಾಡು ಅಂದ, ಮೀನನ್ನೂ ಆ ಲೆಕ್ಕದಲ್ಲಿ ಸೇರಿಸಿದ. ಎರಡನೇ ಪ್ರಶ್ನೆಗೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಇದು.

ನಮ್ಮ ಕಾನೂನೂ ಈ ಉತ್ತರವನ್ನು ಒಂದು ಸಲ ಬರೆದಿತ್ತು. 2002ರ ಜೀವವೈವಿಧ್ಯ ಕಾಯ್ದೆ, 2010ರ ನಗೋಯಾ ಒಪ್ಪಂದ ಎರಡೂ ಹೇಳೋದು ಗಿಡ, ಜೀವಿ, ತಿಳಿವಳಿಕೆಯಿಂದ ಲಾಭ ಬಂದರೆ ಅದನ್ನು ಕಾಪಾಡಿಕೊಂಡು ಬಂದವರಿಗೂ ಪಾಲು ಹೋಗಬೇಕು ಅಂತ. 2018ರ ಡಿಸೆಂಬರ್‌ನಲ್ಲಿ ಉತ್ತರಾಖಂಡ ಹೈಕೋರ್ಟು ದಿವ್ಯ ಫಾರ್ಮಸಿ ಪ್ರಕರಣದಲ್ಲಿ, ಭಾರತೀಯ ಕಂಪನಿಗಳೂ ಪಾಲು ಕೊಡಲೇಬೇಕು ಅಂತ ತೀರ್ಪು ಕೊಟ್ಟಿತು. 421 ಕೋಟಿ ಲಾಭದಲ್ಲಿ ಕೇಳಿದ್ದ ಪಾಲು ಸುಮಾರು 2 ಕೋಟಿ. ಅರ್ಧ ರಾಜ್ಯ ಯಾರೂ ಕೇಳಿರಲಿಲ್ಲ. 2023ರ ತಿದ್ದುಪಡಿಯಲ್ಲಿ ಗ್ರಂಥಗಳಲ್ಲಿ ದಾಖಲಾದ ಸಾಂಪ್ರದಾಯಿಕ ಜ್ಞಾನ ಬಳಸೋರಿಗೆ ವಿನಾಯಿತಿ ಬಂತು. ಉದ್ದಿಮೆಗೆ ಅನುಕೂಲ ಆಗಲಿ ಅನ್ನೋದು ಸರ್ಕಾರದ ವಾದ. ಆದರೆ ಬಾಕುಚಿ ಗ್ರಂಥದಲ್ಲಿದೆ, ಒಂದೆಲಗವೂ ಗ್ರಂಥದಲ್ಲಿದೆ. ಗ್ರಂಥದಲ್ಲಿ ಹೆಸರಿರೋದು ಗಿಡದ್ದು, ಅದನ್ನು ಗುರುತು ಹಿಡಿದು ಕಿತ್ತು ತರೋರ ಹೆಸರು ಅಲ್ಲಿಲ್ಲ.

ಉಳಿದಿದ್ದು ಮೂರನೇ ಪ್ರಶ್ನೆ, ಇದು ನಮಗೆ ಬೇಕು ಅನ್ನಿಸೋದು ಸರಿಯಾ? ನನ್ನ ವಯಸ್ಸಿನವರು, ನನ್ನ ಕೆಲಸದವರು ಇದನ್ನು ಬರೀ ಹೆಂಗಸರ ವಿಷಯ ಅಂತ ನಗೋ ಕಾಲ ಹೋಯ್ತು. ಐಟಿಯಲ್ಲಿ ನಲವತ್ತು ಅಂದ್ರೆ ಹಿರಿಯ ನಾಗರಿಕ. ಲೇಆಫ್ ಸುದ್ದಿ ಹಬ್ಬಿದ ವಾರ ಟೀಮಿನಲ್ಲಿ ಎಷ್ಟು ಜನ ತಲೆಗೆ ಬಣ್ಣ ಹಾಕ್ಕೊಂಡು ಬರ್ತಾರೆ ಅಂತ ಎಣಿಸಬಹುದು. ವೀಡಿಯೋ ಕಾಲಿನಲ್ಲಿ ನಮ್ಮ ಮುಖವನ್ನು ನಾವೇ ದಿನಕ್ಕೆ ನಾಲ್ಕೈದು ಗಂಟೆ ನೋಡ್ತಾ ಕೂರ್ತೀವಿ, ಹಿಂದೆ ಯಾವ ರಾಜನೂ ಅಷ್ಟು ಹೊತ್ತು ಕನ್ನಡಿ ನೋಡಿರಲಿಕ್ಕಿಲ್ಲ. ಈ ಆಸೆಯಲ್ಲಿ ಚೆಂದದ ಪಾಲು ಸ್ವಲ್ಪ, ಭಯದ ಪಾಲು ಜಾಸ್ತಿ. ಚೆಂದಕ್ಕಾಗಿ ಹಚ್ಚಿಕೊಂಡರೆ ಅದು ಹಬ್ಬದ ದಿನದ ಅವ್ವನ ಕ್ರೀಮು, ಅದರಲ್ಲಿ ಖುಷಿ ಇದೆ. ಕೆಲಸ ಹೋಗುತ್ತೆ, ಮರ್ಯಾದೆ ಹೋಗುತ್ತೆ ಅನ್ನೋ ಭಯಕ್ಕೆ ಹಚ್ಚಿಕೊಂಡರೆ ಯಾವ ಸಾರವೂ ಸಾಲಲ್ಲ, ಯಾಕಂದ್ರೆ ರೋಗ ಇರೋದು ಚರ್ಮದಲ್ಲಲ್ಲ. ವಯಸ್ಸಾದವರನ್ನು ಬೇಡದವರು ಅಂತ ನೋಡೋ ಆಫೀಸು, ಮನೆ, ಊರು ಬದಲಾಗದೆ 'ಹೆಲ್ದಿ ಏಜಿಂಗ್' ಅಂದರೆ, ಮುಪ್ಪನ್ನು ಒಬ್ಬೊಬ್ಬರೇ ಗುಟ್ಟಾಗಿ ಬಚ್ಚಿಟ್ಟುಕೊಳ್ಳಿ ಅಂದ ಹಾಗೆ.

ಹಾಗಾಗಿ ನನ್ನ ಮಟ್ಟಿಗೆ ಒಂದು ಕ್ರಮ ಮಾಡ್ಕೊಂಡಿದೀನಿ, ಇದು ಎಲ್ಲರಿಗೂ ಅಂತಲ್ಲ. ಮೊದಲು ನೆರಳು, ಆಮೇಲೆ ಜಿಡ್ಡು, ಕೊನೆಗೆ ಸಾರ. ಬಿಸಿಲಿಗೆ ಟೋಪಿ, ಸನ್‌ಸ್ಕ್ರೀನು. ಒಣಗಿದರೆ ಎಣ್ಣೆ. ಇಷ್ಟಾದ ಮೇಲೂ ಆಸೆಯಿದ್ದರೆ ಬಾಟಲಿ ಕೊಳ್ಳಿ, ಆದರೆ ಎಲ್ಲಿಂದ ಬಂತು ಅಂತ ಹೇಳೋ ಕಂಪನಿಯದ್ದು. ಕೇಳಿದರೆ ಹೇಳದವರಿಗೆ ದುಡ್ಡು ಯಾಕೆ ಕೊಡಬೇಕು?

ನೆರಳು ಮೊದಲು ಅಂದಿದ್ದನ್ನು ನನ್ನ ಮುಖಕ್ಕಷ್ಟೇ ಹೇಳಿದ್ದಲ್ಲ. 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬರೆದವರು, ಕೆಲಸದ ಜಾಗದಲ್ಲಿ ಕುಡಿಯೋ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಕ್ಕಳಿಗೂ ದಣಿವಾರಿಸಿಕೊಳ್ಳೋ ಹೊತ್ತಿಗೂ ನೆರಳು ಇರಬೇಕು ಅಂತ ಅನುಸೂಚಿಯಲ್ಲಿ ಸೇರಿಸಿದ್ದರು. ಸರ್ಕಾರಿ ಕಾಗದದಲ್ಲಿ ನೆರಳನ್ನು ಕೂಲಿಯವರ ಹಕ್ಕು ಅಂತ ಬರೆದ ಅಪರೂಪದ ಸಾಲು ಅದು. ಎಷ್ಟು ಕೆರೆ ಹೂಳೆತ್ತೋ ಜಾಗದಲ್ಲಿ ಆ ನೆರಳು ಕಟ್ಟಿದ್ದರು ಅನ್ನೋದನ್ನ ನೀವು ನಿಮ್ಮೂರಲ್ಲೇ ವಿಚಾರಿಸಬಹುದು. ಚರ್ಮದ ಆರೋಗ್ಯಕರ ಮುಪ್ಪಿನ ಬಗ್ಗೆ ಯಾರಾದರೂ ನಿಜವಾಗಿ ಮಾತಾಡ್ತಿದ್ದರೆ, ನಾಲ್ಕು ಗಳ ನೆಟ್ಟು ತೆಂಗಿನ ಗರಿ ಹೊದಿಸೋ ಆ ಚಪ್ಪರದಿಂದ ಶುರು ಮಾಡಲಿ. ಅದಕ್ಕೆ ಶಾರ್ಕೂ ಬೇಡ, ಪಾಚಿಯೂ ಬೇಡ.